ಜೀನಿಗೆ ಎಣ್ಣೆ ಬೇಡ, ಚೀಟಿ ಬೇಕು

14 ಅಕ್ಟೋಬರ್ 2025, ಮಂಗಳವಾರ
ಹೈ ರಿವರ್, ಆಲ್ಬರ್ಟಾ, ಕೆನಡಾ

ಹಿಮ ಬೀಳುವ ಮುಂಚೆ ಅಟ್ಟ ಖಾಲಿ ಮಾಡುವ ಕಾಲ. ಇವತ್ತು ನಮ್ಮ ಸಂಗ್ರಹಾಲಯಕ್ಕೆ ದಾನವಾಗಿ ಬಂದದ್ದು: ಕುದುರೆಯ ಜೀನು ಒಂದು, ದನಕ್ಕೆ ಬರೆ ಹಾಕುವ ಬರೆಗೋಲು ಎರಡು, ಕುರಿ ಉಣ್ಣೆಯ ಚಾಪ್ಸ್ (ಸವಾರರು ಪ್ಯಾಂಟಿನ ಮೇಲೆ ತೊಡುವ ಕಾಲುಹೊದಿಕೆ) ಒಂದು ಜೊತೆ, ಹಳೆಯ ಫೋಟೋಗಳ ಗಾಜಿನ ನೆಗೆಟಿವ್ ಹನ್ನೊಂದು.

ಮೊದಲು ಒರೆಸುವುದಲ್ಲ, ಬರೆದುಕೊಳ್ಳುವುದು. ಕೊಟ್ಟವರು ಎದುರಿಗಿರುವಾಗಲೇ ಕೇಳಬೇಕು: ಯಾವ ಕ್ವಾರ್ಟರಿನದು, ಅಂದರೆ ಸರ್ಕಾರಿ ಅಳತೆಯ ಯಾವ ಜಮೀನಿನ ತುಂಡಿನದು? ‘ಅಜ್ಜನ ಜಾಗದ್ದು’ ಎಂದರೆ ಸಾಲದು. ಟೌನ್‌ಶಿಪ್ ಎಂದರೆ ಆರು ಮೈಲಿಯ ಚೌಕ, ಅದರೊಳಗೆ 640 ಎಕರೆಯ 36 ಸೆಕ್ಷನ್. ಸೆಕ್ಷನ್ನಿನ ಕಾಲುಭಾಗ, ಅಂದರೆ 160 ಎಕರೆ, 1872ರ ಡೊಮಿನಿಯನ್ ಲ್ಯಾಂಡ್ಸ್ ಕಾಯ್ದೆಯಡಿ ಹತ್ತು ಡಾಲರ್ ಶುಲ್ಕ ಕಟ್ಟಿದವರಿಗೆ ಸಿಗುತ್ತಿದ್ದ ಹೋಮ್‌ಸ್ಟೆಡ್, ಅಂದರೆ ನೆಲೆಸಿ ಸಾಗುವಳಿ ಮಾಡುವ ಜಮೀನು. ಲಾಂಗ್‌ವ್ಯೂ ಕಡೆಯ ಎಸ್‌ಡಬ್ಲ್ಯೂ 12-18-2-ಡಬ್ಲ್ಯೂ5 ಎಂಬ ವಿಳಾಸವನ್ನು ಹಿಂದಿನಿಂದ ಓದಿ: ಐದನೇ ಮೆರಿಡಿಯನ್ನಿನ (ಅಳತೆಯ ಉತ್ತರ-ದಕ್ಷಿಣ ಗೆರೆಯ) ಪಶ್ಚಿಮಕ್ಕೆ, 2ನೇ ರೇಂಜ್ (ಟೌನ್‌ಶಿಪ್‌ಗಳ ಉದ್ದ ಸಾಲು), 18ನೇ ಟೌನ್‌ಶಿಪ್, 12ನೇ ಸೆಕ್ಷನ್, ನೈಋತ್ಯದ ಕಾಲು. ಇಲ್ಲಿ ಸೆಕ್ಷನ್‌ಗಳ ಎಣಿಕೆ ಆಗ್ನೇಯ ಮೂಲೆಯಿಂದ ಹಾವಿನಂತೆ ಮೇಲಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಈಶಾನ್ಯದಿಂದ ಕೆಳಕ್ಕೆ. ಮೊಂಟಾನಾದ ನಕ್ಷೆಯ ಅಭ್ಯಾಸದಲ್ಲಿ ಹುಡುಕಿದರೆ ಬೇರೆಯವರ ಹೊಲಕ್ಕೆ ಹೋಗಿ ನಿಲ್ಲುತ್ತೀರಿ. ಯಾರಾದರೂ ‘11ನೇ ಸೆಕ್ಷನ್ನಿನಲ್ಲಿ ಹೋಮ್‌ಸ್ಟೆಡ್’ ಎಂದರೆ ಮತ್ತೊಮ್ಮೆ ಕೇಳಿ. 11 ಮತ್ತು 29 ಶಾಲೆಗಳಿಗೆ ಮೀಸಲು. 8 ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯದು.

ಫಾರಂನಲ್ಲಿ ‘ಮೊದಲ ಮಾಲೀಕ’ ಎಂಬ ಕಾಲಂ ಬೇಡವೇ ಬೇಡ. ‘ಪಟ್ಟಾ ಪಡೆದವರು’ ಎಂದಿರಲಿ. 1877ರ ಸೆಪ್ಟೆಂಬರ್ 22ರಂದು ಬ್ಲ್ಯಾಕ್‌ಫುಟ್ ಕ್ರಾಸಿಂಗಿನಲ್ಲಿ ಮೂಲನಿವಾಸಿಗಳಿಗೂ ಸರ್ಕಾರಕ್ಕೂ ನಡುವಿನ ಏಳನೇ ಒಪ್ಪಂದಕ್ಕೆ ಸಹಿ ಬೀಳುವ ಮುಂಚೆಯೂ ಈ ನೆಲದಲ್ಲಿ ಜನರಿದ್ದರು.

ದೊಡ್ಡ ರಾಂಚುಗಳ, ಅಂದರೆ ದನ ಮೇಯಿಸುವ ವಿಶಾಲ ಜಮೀನುಗಳ, ಕತೆ ಬೇರೆ. 1881ರ ಗುತ್ತಿಗೆ ನಿಯಮದಲ್ಲಿ ಒಬ್ಬರಿಗೆ ಒಂದು ಲಕ್ಷ ಎಕರೆಯವರೆಗೆ, ಎಕರೆಗೆ ವರ್ಷಕ್ಕೆ ಒಂದು ಸೆಂಟು, 21 ವರ್ಷ. ಅಷ್ಟಗಲದ ಹುಲ್ಲುಗಾವಲಿನಲ್ಲಿ ವಿಳಾಸವೆಂದರೆ ದನದ ಮೈಮೇಲಿನ ಬರೆ. ಬರೆಗೂ ಓದುವ ಕ್ರಮವಿದೆ: ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಗೀಟು ಮೇಲೆ, ಯು ಕೆಳಗೆ ಇದ್ದರೆ ಬಾರ್ ಯು. ಅಡ್ಡ ಮಲಗಿದ ಅಕ್ಷರ ‘ಲೇಜಿ’. (ಬರೆ ಹಾಕುವುದಕ್ಕೂ ಬರೆಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತಿರುವುದು ಸುಮ್ಮನೆ ಅಲ್ಲ.) ಒಂದೇ ಗುರುತು ಎಡ ಸೊಂಟದ ಮೇಲಿದ್ದರೆ ಒಬ್ಬರದು, ಬಲ ಪಕ್ಕೆಯ ಮೇಲಿದ್ದರೆ ಇನ್ನೊಬ್ಬರದು ಆಗಿರಬಹುದು. ಹಾಗಾಗಿ ಗುರುತಿನ ಜೊತೆ ಜಾಗವನ್ನೂ ಬರೆಯಿರಿ.

ಗಾಜಿನ ನೆಗೆಟಿವ್ ಕೈಕೊಡುವುದು ಇಲ್ಲೇ. ಮಂಕಾದ ಬದಿ ಎಮಲ್ಷನ್, ಚಿತ್ರವಿರುವ ಪದರ. ಪ್ಲೇಟು ತಿರುವುಮುರುವಾಗಿ ಸ್ಕ್ಯಾನ್ ಆದರೆ ಎಡ ಬಲವಾಗುತ್ತದೆ, ಬರೆ ಬೇರೆಯವರ ಹೆಸರಿಗೆ ಹೋಗುತ್ತದೆ. ಇಲ್ಲಿನ ಹೆಸರಾಂತ ಕಪ್ಪು ರಾಂಚರ್ ಜಾನ್ ವೇರ್ ಅವರ ಬರೆ 9999 ಆಗಿದ್ದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬಾರ್ ಯು ಕನ್ನಡಿಯಲ್ಲೂ ಬಾರ್ ಯುವೇ. ಆಗ ಜೀನಿನ ಪಟ್ಟಿ ನೋಡಿ: ಬಿಗಿಯುವ ಗಂಟು ಕುದುರೆಯ ಎಡಗಡೆ ಇರಬೇಕು. ಗಂಡಸರ ಕೋಟಿನ ಗುಂಡಿಯೂ ಸಾಕ್ಷಿ: ತೊಟ್ಟವರ ಬಲಗಡೆ ಇರಬೇಕು.

ಇನ್ನು ಜೀನು. ಮನೆಯವರು ಪ್ರೀತಿಯಿಂದ ನೀಟ್ಸ್‌ಫುಟ್ ಎಣ್ಣೆ (ದನದ ಕಾಲೆಲುಬಿನಿಂದ ತೆಗೆದದ್ದು) ಹಚ್ಚಿ ತಂದಿರುತ್ತಾರೆ. ಸವಾರಿಯ ಜೀನಿಗೆ ಅದು ಸರಿ, ಕಪಾಟಿನಲ್ಲಿಡುವ ಜೀನಿಗಲ್ಲ: ಎಣ್ಣೆ ವರ್ಷಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ, ಚರ್ಮ ಕಪ್ಪಾಗಿ ಬಿರುಸಾಗುತ್ತದೆ. ಮೇಲೆ ಬಿಳಿ ಪದರ ಕಂಡರೆ ಬೂಷ್ಟೆಂದು ಗಾಬರಿ ಬೇಡ. ಒಂದು ಮೂಲೆಗೆ ಹದವಾದ ಬಿಸಿಗಾಳಿ ಹಿಡಿಯಿರಿ. ಕರಗಿದರೆ ಕೊಬ್ಬು, ಕರಗದಿದ್ದರೆ ಬೂಷ್ಟು. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ನೇತಾಡುವ ಫೆಂಡರುಗಳ (ಸವಾರನ ಕಾಲಿನ ಬದಿಯ ಅಗಲ ಚರ್ಮದ ಪಟ್ಟಿಗಳ) ಭಾರ ಹೊಲಿಗೆಯ ಮೇಲೆ ಬೀಳದಂತೆ ಒಳಗಿನಿಂದ ಫೋಮ್ ಆಸರೆ ಕೊಡಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿ ಚರ್ಮ ಸೀಳುತ್ತದೆ, ಬಾಯ್ಲರ್ ಪಕ್ಕ ಇಡಲೇಬೇಡಿ.

ವಸ್ತುವಿಗೆ ಹಾಕುವ ನಂಬರ್ 2025.14.1: ವರ್ಷ, ದಾನದ ಕ್ರಮ, ವಸ್ತು. ಬರೆಗೋಲಿನ ಹಿಡಿಯ ಮೇಲೆ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ವಾರ್ನಿಷ್ ಒಂದು ಪದರ, ಒಣಗಿದ ಮೇಲೆ ಇಂಕು, ಮೇಲೆ ಇನ್ನೊಂದು ಪದರ. ಚರ್ಮಕ್ಕೆ ಈ ವಾರ್ನಿಷ್ ಕೂಡದು. ಹತ್ತಿ ಪಟ್ಟಿಯ ಮೇಲೆ ನಂಬರ್ ಬರೆದು ಸಡಿಲವಾಗಿ ಕಟ್ಟಿ. ಬರೆಗೋಲನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಬೆಂಕಿಯ ಕರಿಯೂ ಹೋಗುತ್ತದೆ, ಅದೇ ಅದರ ದಾಖಲೆ.

ಚಾಪ್ಸಿನ ಉಣ್ಣೆಯಲ್ಲಿ ಹುಳದ ಪೊರೆ ಕಂಡಿತು. ದಪ್ಪ ಪಾಲಿಥೀನ್ ಚೀಲ, ಗಾಳಿ ಒತ್ತಿ ತೆಗೆದು, ಟೇಪು ಸುತ್ತಿ, ಮೈನಸ್ 20 ಡಿಗ್ರಿಯ ಫ್ರೀಜರಿಗೆ ಎರಡು ವಾರ. 28ಕ್ಕೆ ಹೊರತೆಗೆಯುವುದು, 29ರವರೆಗೆ ಚೀಲ ಬಿಚ್ಚುವಂತಿಲ್ಲ; ಬಿಚ್ಚಿದರೆ ಇಬ್ಬನಿ ಉಣ್ಣೆಯ ಮೇಲೇ ಕೂರುತ್ತದೆ.