ನೀರು ಹೋದ ಟೈಮ್ ಬರೆದೆ, ತಲೆ ಎಲ್ಲಿದೆ ನೋಡಲಿಲ್ಲ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು ಇದು.

ಗಂಡನ ಬೈಕಿನಲ್ಲಿ ಕೂತು ಒಬ್ಬಳು ಬಂದಳು. ತಾಯಿ ಕಾರ್ಡ್ ಪ್ರಕಾರ 30 ವಾರ. "ಬೆಳಗ್ಗಿಂದ ನೀರು ಹೋಯ್ತಾ ಅದೆ ಕಣವ್ವ" ಅಂದರು ಅತ್ತೆ. ನೋವಿರಲಿಲ್ಲ. ನೀರು ಹೋದ ಟೈಮ್, ಬಣ್ಣ, ಜ್ವರ, ನಾಡಿ ಎಲ್ಲ ಬರೆದೆ. ಡಾಕ್ಟರಿಗೆ ಫೋನ್ ಮಾಡಿ, ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ ಚುಚ್ಚಿದೆ. ಸೋಂಕಾದೀತು ಅಂತ ಒಳಗೆ ಕೈ ಹಾಕಲಿಲ್ಲ. ಅಲ್ಲಿವರೆಗೂ ಸರಿಯೇ. ಆದರೆ ಹೊಟ್ಟೆ ಮುಟ್ಟಿ ತಲೆ ಎಲ್ಲಿದೆ ಅಂತ ನೋಡೋದನ್ನು ಡಾಕ್ಟರಿಗೆ ಬಿಟ್ಟೆ. ಎದೆಬಡಿತ ಹೊಕ್ಕುಳಿನ ಮೇಲ್ಭಾಗದಲ್ಲಿ ಸಿಕ್ಕಿತ್ತು. ಮಗುವಿನ ಬುಡ ಕೆಳಗಿದೆ ಅನ್ನೋದಕ್ಕೆ ಅದೇ ಸುಳಿವು. ನಾನು 146 ಅಂತ ಬರೆದುಕೊಂಡೆ, ಅಷ್ಟೇ.

"ಸಿಸ್ಟರ್, ಬಾತ್‌ರೂಮಿಗೆ ಹೋಗ್ಬರ್ಲಾ?" ಅಂದಳು. ಹೋಗ್ಬನ್ನಿ ಅಂದೆ. ಎರಡೇ ನಿಮಿಷಕ್ಕೆ ಚೀರಿದಳು. ಹೊಕ್ಕುಳಬಳ್ಳಿ ಹೊರಗೆ ಜಾರಿತ್ತು.

ಸೀನಿಯರ್ ಸಿಸ್ಟರ್ ಓಡಿ ಬಂದು, ಗ್ಲೌಸ್ ಹಾಕಿ, ಬಳ್ಳಿ ಅದುಮಿ ಮಗುವಿಗೆ ರಕ್ತ ನಿಲ್ಲದಿರಲಿ ಅಂತ ಅದರ ಬುಡವನ್ನು ಒಳಗಿಂದಲೇ ಮೇಲಕ್ಕೆ ಎತ್ತಿ ಹಿಡಿದರು. ಅವಳನ್ನು ಮಂಡಿಯೂರಿಸಿ, ಎದೆ ಹಾಸಿಗೆಗೆ, ಸೊಂಟ ಮೇಲಕ್ಕೆ ಮಾಡಿದೆವು. ಬಳ್ಳಿಗೆ ಕೈ ಹಾಕಲು ಹೋದ ನನ್ನನ್ನು ಗದರಿದರು. ಮುಟ್ಟಿದಷ್ಟೂ ಅದರೊಳಗಿನ ರಕ್ತನಾಳ ಮುದುಡಿಕೊಳ್ಳುತ್ತೆ. ಸಿಸೇರಿಯನ್‌ನಲ್ಲಿ ಮಗು ಹೊರಗೆ ಬರೋತನಕ ಅವರ ಕೈ ಅಲ್ಲೇ ಇತ್ತು. ಮಗು ಉಳಿಯಿತು. ಆಂಬುಲೆನ್ಸ್‌ನಲ್ಲಿ ಮಂಡ್ಯಕ್ಕೆ ಕಳಿಸಿದೆವು.

ಆಮೇಲೆ ಟೀ ಕುಡೀತಾ ಅವರು ಹೇಳಿದರು: ತಲೆ ಕೆಳಗಿದ್ದರೆ ಬಾಟಲಿಗೆ ಬಿರಡೆ ಹಾಕಿದ ಹಾಗೆ ದಾರಿ ಮುಚ್ಚಿರುತ್ತೆ. ಬುಡವೋ ಕಾಲೋ ಇದ್ದರೆ ಸಂದು ಉಳಿಯುತ್ತೆ, ನೀರಿನ ಜೊತೆ ಬಳ್ಳಿಯೂ ನುಗ್ಗುತ್ತೆ. ಮಗು ಅಡ್ಡ ಇದ್ದರಂತೂ ಗರ್ಭಕೋಶದ ಬಾಯಲ್ಲಿ ಏನೂ ಇರೋಲ್ಲ. ತಿಂಗಳು ತುಂಬಿದಾಗ ಬುಡ ಕೆಳಗಿರೋದು ನೂರಕ್ಕೆ 3–4 ಮಕ್ಕಳು ಮಾತ್ರ. 28 ವಾರದ ಹೊತ್ತಿಗೆ ಸುಮಾರು ನಾಲ್ಕರಲ್ಲಿ ಒಂದು. ಬೇಗ ನೀರು ಹೋದವರಲ್ಲೇ ಇದನ್ನು ಜಾಸ್ತಿ ನೋಡಬೇಕು, ಅಲ್ವಾ? ನಾನು ಉಲ್ಟಾ ಅಂದುಕೊಂಡಿದ್ದೆ, ಮಗು ಚಿಕ್ಕದು, ಇನ್ನೂ ತಿರುಗುತ್ತೆ ಅಂತ. ನೀರು ಹೋದ ಮೇಲೆ ತಿರುಗೋಕೆ ಜಾಗವೂ ಕಡಿಮೆ.

ಈಗ ಆಶಾ ಕಾರ್ಯಕರ್ತೆಯರು ಫೋನ್ ಮಾಡಿದರೆ ನನ್ನ ಮೊದಲ ಪ್ರಶ್ನೆ, ಕೊನೇ ಸ್ಕ್ಯಾನಿಂಗಿನಲ್ಲಿ ತಲೆ ಎಲ್ಲಿತ್ತು? ಬೈಕ್ ಬೇಡ, ಎಡಮಗ್ಗುಲಿಗೆ ಮಲಗಿಸಿ 108ರಲ್ಲಿ ಕರೆತನ್ನಿ ಅಂತೀನಿ. ವಾರ್ಡಿಗೆ ಬಂದ ಮೇಲೆ ತಲೆ ಕೆಳಗಿದೆ ಅಂತ ಖಾತ್ರಿ ಆಗೋವರೆಗೂ ಬೆಡ್‌ಪ್ಯಾನ್. ಹುಡುಗಿಯರಿಗೆ ನಾಚಿಕೆ, ಅತ್ತೆಯರಿಗೆ ಸಿಟ್ಟು. "ನಡ್ಕಂಡು ಬಂದೋಳ್ಗೆ ಇದ್ಯಾಕವ್ವ?" ಅಂತಾರೆ. ನಾನು ಸುಮ್ನೆ ಪರದೆ ಎಳೀತೀನಿ.