ಬೆನ್ನೇರುವ ಮುಂಚಿನ ಕೆಲಸ

ಅಕ್ಟೋಬರ್ 20, 2024, ಭಾನುವಾರ
ಯಲಹಂಕದ ಆಚೆ, ಬೆಂಗಳೂರು

ವಾರದ ಮಳೆಗೆ ಅಂಗಳವೆಲ್ಲ ಕೆಸರು. ಇಂಥ ನೆಲದಲ್ಲಿ ಎಳೆಯ ಕುದುರೆಯನ್ನು ಸುತ್ತು ಓಡಿಸಿದರೆ ಜಾರಿ ಕಾಲು ಉಳುಕುತ್ತದೆ. ಹಾಗಾಗಿ ಗುಜರಾತಿನ ಕಾಠಿಯಾವಾಡಿ ತಳಿಯ ಮೂರು ವರ್ಷದ ಹೆಣ್ಣುಮರಿಯ ಪಾಠ ಈಗ ಲಾಯದೊಳಗೆ, ರಬ್ಬರ್ ಮ್ಯಾಟ್ ಹಾಸಿದ ಓಣಿಯಲ್ಲಿ. ದಿನಕ್ಕೆ ಎರಡು ಹೊತ್ತು, ಒಂದೊಂದು ಸಲ ಹದಿನೈದು ನಿಮಿಷ. ನಿಂತಲ್ಲೇ ಕಲಿಸುವುದು ಬೇಕಾದಷ್ಟಿದೆ. ಓಡಿಸುವ ಅವಸರದಲ್ಲಿ ಜನ ಬಿಟ್ಟುಬಿಡುವುದೂ ಅದನ್ನೇ.

ಒತ್ತಡ ಯಾವಾಗ ತಪ್ಪಿತು ಅನ್ನುವುದನ್ನು ಕುದುರೆ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಹೆಗಲ ಮೇಲೆ ಕೈಯಿಟ್ಟಾಗ ಮರಿ ಪಕ್ಕಕ್ಕೆ ಸರಿಯಿತು, ನಾವು ಕೈ ತೆಗೆದೆವು ಅನ್ನಿ. ಸರಿದರೆ ಕೈ ಹೋಗುತ್ತದೆ ಅಂತ ಅದು ಕಲಿತಾಯಿತು. ಅದು ಸರಿದಾಗ ಕೈಯೂ ಒತ್ತದೆ ಜೊತೆಗೇ ಹೋಗಬೇಕು. ಕಾಲು ನಿಂತ ಕ್ಷಣ ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಬಂದು ನಿಲ್ಲಬೇಕು. ಮುಂದಿನ ಸಲ ಅದು ಬೇಗ ನಿಲ್ಲುತ್ತದೆ.

ಹತ್ತಿರ ಹೋಗುವುದು ಹೆಗಲ ಕಡೆಯಿಂದ. ಕುದುರೆಗೆ ಸುತ್ತಲೂ ಕಂಡರೂ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಹಣೆಗೆ ಕೈಯೊಡ್ಡಿದಾಗ ತಲೆ ಎತ್ತುವುದು ಅದಕ್ಕೇ, ಅದನ್ನು ಕೊಬ್ಬು ಅನ್ನಬಾರದು. ಎಡಗಡೆ ಮಾಡಿದ್ದನ್ನೆಲ್ಲ ಬಲಗಡೆಯೂ ಮೊದಲಿನಿಂದ ಮಾಡಬೇಕು. ಎಡಗಡೆ ಸಾಧುವಾಗಿರುವ ಕುದುರೆ ಬಲಗಡೆಯಿಂದ ಬಂದ ಅದೇ ಬ್ರಷ್ಷಿಗೆ ಹಾರುವುದುಂಟು.

ಹಾಲ್ಟರಿನ, ಅಂದರೆ ಹಗ್ಗ ಸಿಕ್ಕಿಸಲು ತಲೆಗೆ ತೊಡಿಸುವ ಪಟ್ಟಿಯ, ಮೂಗುಪಟ್ಟಿ ಕೆನ್ನೆಯ ಎಲುಬಿಗಿಂತ ಎರಡು ಬೆರಳು ಕೆಳಗಿರಲಿ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಇನ್ನೂ ಕೆಳಗೆ ಇಳಿದರೆ ಮೂಗಿನ ತೆಳುವಾದ ಎಲುಬಿನ ಮೇಲೆ ಕೂರುತ್ತದೆ. ಲಾಯದಲ್ಲಿ ಒಂಟಿಯಾಗಿ ಬಿಡುವಾಗ ಬಿಚ್ಚಿಯೇ ಬಿಡಬೇಕು. ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳಲು ಹೋಗಿ ಗೊರಸು ಸಿಕ್ಕಿಹಾಕಿಕೊಂಡರೆ ಕುತ್ತಿಗೆಗೇ ಕುತ್ತು. ಹಗ್ಗ ಹನ್ನೆರಡು ಅಡಿಯ ಹತ್ತಿಯದು. ನೈಲಾನ್ ಸರ್ರನೆ ಜಾರಿದರೆ ಅಂಗೈ ಸುಡುತ್ತದೆ. ಮಿಕ್ಕ ಹಗ್ಗವನ್ನು ಮಡಿಸಿ ಹಿಡಿಯಬೇಕೇ ಹೊರತು ಕೈಗೆ ಸುತ್ತಿಕೊಳ್ಳಕೂಡದು.

ಕಟ್ಟಿಹಾಕುವ ಅಭ್ಯಾಸಕ್ಕೆ ಮೊದಲು ಗಂಟು ಹಾಕಬೇಡಿ. ಹಗ್ಗವನ್ನು ಗೋಡೆಗೆ ಹಾಕಿದ ಬಳೆಯೊಳಗೆ ತೂರಿಸಿ ತುದಿಯನ್ನು ನೀವೇ ಹಿಡಿದುಕೊಳ್ಳಿ. ಮರಿ ಹಿಂದಕ್ಕೆ ಜಗ್ಗಿದರೆ ತುಸು ಬಿಟ್ಟು, ಒಂದು ಹೆಜ್ಜೆ ಮುಂದೆ ಬಂದ ಕೂಡಲೇ ಪೂರ್ತಿ ಸಡಿಲಿಸಿ. ಗಂಟು ಹಾಕುವ ಹಂತ ಬಂದಾಗ ಬಳೆಗೂ ಹಗ್ಗಕ್ಕೂ ನಡುವೆ ಒಂದು ಸುತ್ತು ಸಣಬಿನ ಹುರಿ ಇರಲಿ. ಗಾಬರಿಯಲ್ಲಿ ಹರಿಯುವುದಿದ್ದರೆ ಅದು ಹರಿಯಲಿ.

ಕೈಯಿಂದ ಬೆಲ್ಲ ತಿನ್ನಿಸಿ ಒಲಿಸಿಕೊಳ್ಳುವುದು ನಮಗೆ ಹಿಡಿಸುವುದಿಲ್ಲ. ಮರಿಯ ಗಮನವೆಲ್ಲ ಜೇಬಿನ ಮೇಲೆ ಹೋಗಿ, ಸಿಗದಿದ್ದರೆ ಕಚ್ಚುವ ಚಾಳಿ ಬೀಳುತ್ತದೆ. ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿನಲ್ಲಿ ಉಗುರಿನಿಂದ ನಿಧಾನವಾಗಿ ಕೆರೆಯಿರಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆಯುವ ಜಾಗ ಅದು, ಅಲ್ಲಿ ಕೆರೆದರೆ ಎದೆಬಡಿತವೂ ಇಳಿಯುತ್ತದೆ. ಮೇಲ್ದುಟಿ ಉದ್ದವಾಗಿ ಅದುರತೊಡಗಿದರೆ ಸರಿಯಾದ ಜಾಗ ಸಿಕ್ಕಿತು. ತುಟಿ ನೆಕ್ಕಿ ಬಾಯಾಡಿಸಿದರೆ ಮಾತ್ರ ‘ಒಪ್ಪಿತು’ ಅಂತ ಹಿಗ್ಗಬೇಡಿ. ಬಿಗಿದಿದ್ದ ಗಾಬರಿ ಈಗಷ್ಟೇ ಇಳಿದಾಗಲೂ ಹಾಗೇ ಮಾಡುತ್ತದೆ. ಅಂದರೆ ಹಿಂದಿನ ಹೆಜ್ಜೆ ಭಾರವಾಗಿತ್ತು ಅಂತಲೂ ಅರ್ಥ.

ಜೀನು ಜಾರದಂತೆ ಹೊಟ್ಟೆ ಸುತ್ತ ಬಿಗಿಯುವ ಹೊಟ್ಟೆಪಟ್ಟಿಯದು ಸೂಕ್ಷ್ಮದ ಕೆಲಸ. ಮೊದಲು ಬರೀ ಟವೆಲ್ಲು, ಆಮೇಲೆ ತೆಳು ದಿಂಬು, ಅದರ ಮೇಲೆ ಅಗಲವಾದ ಪಟ್ಟಿ. ಒಂದೇ ಸಲ ಬಿಗಿದರೆ ಮರಿ ಉಸಿರು ಕಟ್ಟಿ ಬೆನ್ನು ಕಮಾನು ಮಾಡುತ್ತದೆ, ಒಂದು ಹೆಜ್ಜೆ ಇಟ್ಟದ್ದೇ ಕುಪ್ಪಳಿಸುತ್ತದೆ. ಹಾಗಂತ ತೀರಾ ಸಡಿಲ ಬಿಟ್ಟರೆ ಪಟ್ಟಿ ಹೊಟ್ಟೆಯಡಿಗೆ ಜಾರಿ ಹಿಂಗಾಲಿಗೆ ತಗುಲುತ್ತದೆ. ಆ ಹೆದರಿಕೆ ಬಿಡಿಸಲು ತಿಂಗಳುಗಟ್ಟಲೆ ಬೇಕು. ಜಾರದಷ್ಟು ಬಿಗಿದು ನಾಲ್ಕು ಹೆಜ್ಜೆ ನಡೆಸಿ, ನಿಲ್ಲಿಸಿ, ಒಂದು ತೂತು ಏರಿಸಿ. ಪಕ್ಕೆಲುಬು ಸರಾಗವಾಗಿ ಏರಿಳಿಯುವುದು ಕಂಡ ಮೇಲಷ್ಟೇ ಇನ್ನೊಂದು ತೂತು. ಜೀನಿನ ಸರದಿ ಇದೆಲ್ಲ ಸಲೀಸಾದ ಮೇಲೆ. ಮೊದಮೊದಲು ಸವಾರ ಕಾಲಿಡುವ ರಿಕಾಪುಗಳನ್ನು ಬಿಚ್ಚಿಡಿ.

ಲಗಾಮಿನ ಕಬ್ಬಿಣ ಬಾಯಿಗೆ ಹಾಕುವ ಮುಂಚೆ ಪಶುವೈದ್ಯರಿಂದ ಹಲ್ಲು ನೋಡಿಸಬೇಕು. ದವಡೆಹಲ್ಲಿನ ಮುಂದೆ ಮೊಳೆಯುವ ಪುಟಾಣಿ ಹಲ್ಲಿಗೆ ಕಬ್ಬಿಣ ತಗುಲಿ ನೋವಾದರೆ ತಲೆ ಒದರುತ್ತದೆ, ಬೈಗುಳ ತಿನ್ನುವುದು ಮರಿ. ಬೆನ್ನೆಲುಬು ಪೂರ್ತಿ ಬಲಿಯಲು ಐದು ವರ್ಷ ದಾಟಬೇಕು. ನಾಲ್ಕು ತುಂಬಿದ ಮೇಲೆ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿದರೆ ಸಾಕು. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇ 20 ಮೀರಬಾರದು ಅನ್ನುವುದು ರೂಢಿಯ ಲೆಕ್ಕ. 350 ಕಿಲೋ ಕುದುರೆಗೆ ಅದು 70 ಕಿಲೋ. ಜೀನೇ ಎಂಟು ಕಿಲೋ ಇದ್ದರೆ ಸವಾರನಿಗೆ 62. ಎಳೆಯ ಬೆನ್ನಿಗೆ ಅದಕ್ಕಿಂತ ಹಗುರ ಇದ್ದಷ್ಟೂ ಒಳ್ಳೆಯದು.

ಸದ್ಯಕ್ಕೆ ತುರ್ತಿರುವುದು ಪಟಾಕಿ. ತಿಂಗಳ ಕೊನೆಗೆ ದೀಪಾವಳಿ, ಬರುವ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದ ಜೆಟ್ಟುಗಳು ಬೇರೆ. ಮರಿ ಹುಲ್ಲು ತಿನ್ನುವಾಗ ಪಟಾಕಿ ಸದ್ದನ್ನು ಮೊಬೈಲಿನಲ್ಲಿ ತೀರಾ ಮೆಲ್ಲಗೆ ಹಾಕಬೇಕು. ಅಳತೆಗೋಲು ಅದರ ದವಡೆ: ಅಗಿಯುವುದು ನಿಂತರೆ ಸದ್ದು ಹೆಚ್ಚಾಯಿತು, ತಕ್ಷಣ ಇಳಿಸಿ. ಕಿವಿ ಸದ್ದಿನ ಕಡೆ ತಿರುಗಿ ಬಾಯಿ ಆಡುತ್ತಲೇ ಇದ್ದರೆ ಮರುದಿನ ಒಂದು ಗೆರೆ ಏರಿಸಬಹುದು. ತುದಿಗಳು ಕೂಡುವಂತೆ ಬಾಗಿದ ಕಾಠಿಯಾವಾಡಿ ಕಿವಿ ಸುಮ್ಮನಿದ್ದಾಗಲೂ ನಿಗುರಿಕೊಂಡ ಹಾಗೆ ಕಾಣುತ್ತದೆ, ಹೊಸಬರಿಗೆ ಮೋಸವಾಗುವುದು ಇಲ್ಲೇ. ಮೂಗಿನ ಹೊಳ್ಳೆಯನ್ನೂ ನೋಡಿ. ಹಬ್ಬದ ಮೂರು ದಿನ ಪಾಠ ಬೇಡ. ಸಂಜೆ ಐದರೊಳಗೆ ಲಾಯಕ್ಕೆ ಸೇರಿಸಿ, ಪಟಾಕಿಯ ಮಿಂಚು ಎದ್ದುಕಾಣದಂತೆ ದೀಪ ಉರಿಯಲು ಬಿಟ್ಟು, ರಾತ್ರಿಯಿಡೀ ಅಗಿಯುವಷ್ಟು ಒಣಹುಲ್ಲು ಹಾಕಿ, ಪಕ್ಕದ ಕೋಣೆಗೆ ವಯಸ್ಸಾದ ಗಟ್ಟಿ ಗುಂಡಿಗೆಯ ಕುದುರೆಯೊಂದನ್ನು ತಂದು ಕಟ್ಟುವುದು.