ಹೇಳಿಕೆ ಬರೆಯುವಾಗ ತಾರೀಖಿನದ್ದೇ ತಕರಾರು

ಧಾರವಾಡ, 12 ನವೆಂಬರ್ 2025, ಬುಧವಾರ

ಇಲ್ಲಿ ಓದಲು ಬಂದ ವಿದೇಶಿ ವಿದ್ಯಾರ್ಥಿ 'ವಾಪಸ್ ಹೋದರೆ ಜೀವಕ್ಕೆ ಅಪಾಯ' ಅಂದ ಕೂಡಲೇ ನಮ್ಮ ವಕೀಲ ಮಿತ್ರರು ಹೈಕೋರ್ಟಿನ ರಿಟ್ ಅರ್ಜಿಗೆ ಕೈ ಹಾಕುತ್ತಾರೆ. ಅದು ಕೊನೆಯ ಕೆಲಸ. ಮೊದಲು ನೋಡಬೇಕಾದ್ದು ವೀಸಾ ಯಾವತ್ತು ಮುಗಿಯುತ್ತದೆ ಅನ್ನೋದನ್ನ. ಮುಗಿಯುವ ಮೊದಲೇ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ವಿಸ್ತರಣೆಗೆ ಅರ್ಜಿ ಹಾಕಿ, ಅರ್ಜಿ ಸಂಖ್ಯೆ ಇರುವ ಪುಟ ಪ್ರಿಂಟ್ ತೆಗೆದಿಡಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಜೈಲು ಅಥವಾ 3 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಆಶ್ರಯ ಕೇಳಿದ ಮಾತ್ರಕ್ಕೆ ವೀಸಾ ಲೆಕ್ಕ ನಿಲ್ಲುವುದಿಲ್ಲ.

'ಮುಂಡಗೋಡದ ಟಿಬೆಟಿಯನ್ನರಿಗೆ ಆಶ್ರಯ ಐತಿ, ಇವರಿಗ್ಯಾಕಿಲ್ರೀ?' ಅಂತ ಕೇಳುವವರು ಬಹಳ. ಟಿಬೆಟಿಯನ್ನರನ್ನೂ ಶ್ರೀಲಂಕಾ ತಮಿಳರನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ. ಆಫ್ಘನ್ನರು, ಮ್ಯಾನ್ಮಾರ್‌ನವರು ಮುಂತಾದವರು ದೆಹಲಿಯಲ್ಲಿರುವ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ಕಚೇರಿಗೆ ಹೋಗಬೇಕು. ನೋಂದಣಿ, ಸಂದರ್ಶನ, ನಿರಾಶ್ರಿತ ಹೌದೋ ಅಲ್ಲವೋ ಅನ್ನುವ ತೀರ್ಮಾನ, ಎಲ್ಲ ಪುಕ್ಕಟೆ. ದುಡ್ಡು ಕೇಳಿದವನು ದಲ್ಲಾಳಿ. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೆ 30 ದಿನ.

ಪ್ರಕರಣ ನಿಲ್ಲುವುದೂ ಬೀಳುವುದೂ ಅಲ್ಲಿಗೆ ಬರೆದುಕೊಡುವ ಮೊದಲ ಹೇಳಿಕೆಯ ಮೇಲೆ. 'ನಮ್ಮ ದೇಶದಾಗ ಯುದ್ಧ ನಡೆದೈತಿ' ಅನ್ನೋದು ಸಾಲದು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ: ಈ ಐದರಲ್ಲಿ ಯಾವ ಕಾರಣಕ್ಕೆ ಇವನ ಮೇಲೇ ಕಣ್ಣು ಬಿತ್ತು, ಯಾರದು ಬಿತ್ತು, ಅದು ಬರಬೇಕು.

ಎಡವುವುದು ತಾರೀಖಿನಲ್ಲಿ. ಆಫ್ಘನ್ ದಾಖಲೆಗಳಲ್ಲಿ ವರ್ಷ ಬದಲಾಗುವುದು ಮಾರ್ಚ್ 21ರ ಸುಮಾರಿಗೆ. ಶಕವರ್ಷಕ್ಕೆ 78 ಕೂಡಿಸಬೇಕೋ 79 ಕೂಡಿಸಬೇಕೋ ಅನ್ನುವ ನಮ್ಮ ಪಂಚಾಂಗದ ಗೊಂದಲವೇ ಇಲ್ಲೂ. ಇಸವಿ ತಿಳಿಯಲು ಆಫ್ಘನ್ ವರ್ಷಕ್ಕೆ ಹೊಸ ವರ್ಷದಿಂದ ಡಿಸೆಂಬರ್ 31ರವರೆಗೆ 621 ಕೂಡಿಸಬೇಕು, ಜನವರಿ 1ರಿಂದ ವರ್ಷ ಮುಗಿಯುವವರೆಗೆ 622. 1400ರ ಅಸದ್ ತಿಂಗಳ 24 ಅಂದರೆ 2021ರ ಆಗಸ್ಟ್ 15, ಕಾಬೂಲ್ ತಾಲಿಬಾನ್ ಕೈಗೆ ಹೋದ ದಿನ. 1399ರ ದಲ್ವ ತಿಂಗಳು 2021ರ ಜನವರಿ-ಫೆಬ್ರುವರಿ. ಅದಕ್ಕೂ ಕಣ್ಣುಮುಚ್ಚಿ 621 ಕೂಡಿಸಿದರೆ 2020 ಆಗಿಬಿಡುತ್ತದೆ. ಆ ತಿಂಗಳು ಬೆದರಿಕೆ ಪತ್ರ ಬಂದಿದ್ದರೆ, ಆಮೇಲೂ ಒಂದು ವರ್ಷ ಹೆಚ್ಚಿಗೆ ಅಲ್ಲೇ ಇದ್ದ ಹಾಗೆ ಕಾಣುತ್ತದೆ, ಸಂದರ್ಶನದಲ್ಲಿ 'ಅಷ್ಟು ದಿನ ಯಾಕೆ ಹೊರಡಲಿಲ್ಲ?' ಅನ್ನುವ ಪ್ರಶ್ನೆ ಬರುತ್ತದೆ. ಮೂಲ ತಾರೀಖು, ಪಕ್ಕದಲ್ಲೇ ಇಸವಿ, ಎರಡೂ ಬರೆಯಿರಿ. ಹಳೆಯ ಕಾಗದದ ತಜ್ಕಿರಾದಲ್ಲಿ, ಅಂದರೆ ಅಲ್ಲಿನ ಗುರುತಿನ ಚೀಟಿಯಲ್ಲಿ, ಹುಟ್ಟಿದ ದಿನದ ಬದಲು 'ಇಂಥ ವರ್ಷದಲ್ಲಿ ಇಷ್ಟು ವಯಸ್ಸು' ಅಂತಷ್ಟೇ ಇರುವುದುಂಟು. ಪಾಸ್‌ಪೋರ್ಟ್‌ಗೂ ಅದಕ್ಕೂ ತಾಳೆ ಆಗದಿದ್ದರೆ ತಿದ್ದಲು ಹೋಗಬೇಡಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು.

ದುಭಾಷಿಯ ವಿಷಯದಲ್ಲಿ ಹುಬ್ಬಳ್ಳಿಯಲ್ಲಿ ಸಿಗುವ ಸಲಹೆ ಒಂದೇ: 'ಉರ್ದು ಬರೋರನ್ನ ಕೂರಿಸ್ರಿ, ನಡೀತದ.' ನಡೆಯುವುದಿಲ್ಲ, ಆಫ್ಘನ್ನರ ದರಿ, ಪಶ್ತೋ ಬೇರೆ ಭಾಷೆಗಳು. ಅದೇ ಹಾಸ್ಟೆಲ್‌ನ ಗೆಳೆಯನೂ ಬೇಡ, ಅವನೆದುರು ಮನೆಯ ಹೆಣ್ಣುಮಕ್ಕಳ ಮಾತು ಬಾಯಿಗೆ ಬರುವುದಿಲ್ಲ. ಬರೆದದ್ದನ್ನು ವಾಕ್ಯ ವಾಕ್ಯವಾಗಿ ಓದಿ ಹೇಳಿಸಿ, ಕೆಳಗೆ ದುಭಾಷಿಯ ಸಹಿಯನ್ನೂ ಹಾಕಿಸಬೇಕು. ಒಂದು ದಾಖಲೆ ಕಡಿಮೆ ಇದೆ ಅಂತ ಅವನ ದೇಶದ ರಾಯಭಾರ ಕಚೇರಿಗೆ ಫೋನ್ ಮಾಡುವ ಉತ್ಸಾಹಿಗಳಿದ್ದಾರೆ. ಯಾರಿಗೆ ಹೆದರಿ ಬಂದನೋ ಅವರಿಗೇ ವಿಳಾಸ ಕೊಟ್ಟಂತೆ.

ಧಾರವಾಡದ ಸಪ್ತಾಪುರದ ಕಡೆ ಮನೆ ಬಾಡಿಗೆ ಕೊಟ್ಟವರು ವಿದೇಶಿಯ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಜನ ಈಗಲೂ ಅದನ್ನು ಸಿ-ಫಾರ್ಮ್ ಅಂತಲೇ ಕರೆಯುವುದು. ಮಾಲೀಕರ ಜತೆ ಕೂತು ತುಂಬಿಕೊಟ್ಟರೆ ಅವರ ಅರ್ಧ ಹೆದರಿಕೆ ಕಡಿಮೆ.

ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಸಹಾಯವಾಣಿ 15100. ಕೌಂಟರ್‌ನಲ್ಲಿ 'ಭಾರತೀಯರಿಗಷ್ಟೇ' ಅಂದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ತೆಗೆದು ತೋರಿಸಿ. ಅಲ್ಲಿರುವುದು 'ಪ್ರತಿಯೊಬ್ಬ ವ್ಯಕ್ತಿ', ನಾಗರಿಕ ಅಲ್ಲ. ಹೆಂಗಸರು, ಮಕ್ಕಳು, ಬಂಧನದಲ್ಲಿರುವವರಿಗೆ ಆದಾಯ ಮಿತಿಯೂ ಇಲ್ಲ.

ಗಡೀಪಾರಿನ ಆದೇಶ ಬಂದಾಗ ಧಾರವಾಡ ಹೈಕೋರ್ಟ್ ಪೀಠಕ್ಕೆ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ಕೋರಿಕೆಯನ್ನು ಬಿಗಿಯಾಗಿ ಬರೆಯಬೇಕು. ನೆಲೆಸುವ ಹಕ್ಕು ಕೇಳಿದರೆ ಸೋತಂತೆ. ಆ ಹಕ್ಕು ಕೊಡುವ 19(1)(ಇ) ವಿಧಿ ನಾಗರಿಕರಿಗಷ್ಟೇ ಅಂತ ಸುಪ್ರೀಂ ಕೋರ್ಟ್ ಮ್ಯಾನ್ಮಾರ್‌ನಿಂದ ಬಂದ ರೊಹಿಂಗ್ಯಾ ಜನರ 2021ರ ಪ್ರಕರಣದಲ್ಲಿ ಹೇಳಿಯಾಗಿದೆ. ಜೀವ ಕಾಯುವ 21ನೇ ವಿಧಿ ಎಲ್ಲರಿಗೂ ಇದೆ, ಅರುಣಾಚಲದ ಚಕ್ಮಾ ನಿರಾಶ್ರಿತರ ಬಗ್ಗೆ 1996ರಲ್ಲಿ ಬಂದ ತೀರ್ಪೂ ಅದನ್ನೇ ಹೇಳುತ್ತದೆ. ಹಾಗಾಗಿ ಕೇಳಬೇಕಾದ್ದು ಎರಡೇ: ಕಾನೂನು ಕ್ರಮ ಅನುಸರಿಸದೆ ಕಳುಹಿಸಬಾರದು, ಯುಎನ್‌ಎಚ್‌ಸಿಆರ್ ತೀರ್ಮಾನ ಬರುವವರೆಗೆ ಸಮಯ ಕೊಡಬೇಕು.